ಎರಡು ಯಾನಗಳ ನಡುವಿನ ಊರು

ಸೌತಾಂಪ್ಟನ್ ನೋಡಬೇಕೆಂದೇ ಹೋಗುವವರು ಕಡಿಮೆ. ಹಡಗು ಹತ್ತಲು ಬರುತ್ತಾರೆ, ಹಡಗಿನಿಂದ ಇಳಿದ ಕೂಡಲೇ ಹೊರಟುಬಿಡುತ್ತಾರೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಈ ಬಂದರಿನಲ್ಲಿ ಪ್ರವಾಸಿ ಹಡಗುಗಳಿಗೆಂದೇ ಐದು ಟರ್ಮಿನಲ್‌ಗಳಿವೆ. ಬೇಸಿಗೆಯಲ್ಲಿ ಒಂದೇ ದಿನ ಸಾವಿರಾರು ಜನ ಇಲ್ಲಿ ಹತ್ತಿ ಇಳಿಯುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಊರೆಂದರೆ ರೈಲು ನಿಲ್ದಾಣಕ್ಕೂ ಧಕ್ಕೆಗೂ ನಡುವಿನ ರಸ್ತೆ ಮಾತ್ರ.

ನಾವಿಬ್ಬರು ನಿವೃತ್ತರಾದ ಮೇಲೆ ಇಂಗ್ಲೆಂಡಿನಲ್ಲಿರುವ ಮಗಳು ನಮಗೆಂದು ಎರಡು ಹಡಗು ಪ್ರವಾಸ ಗೊತ್ತುಮಾಡಿದಳು. ಮೊದಲನೆಯದು ನಾರ್ವೆಗೆ, ಎರಡನೆಯದು ಸ್ಪೇನ್, ಪೋರ್ಚುಗಲ್ ಕಡೆಗೆ. ಎರಡೂ ಸೌತಾಂಪ್ಟನ್ನಿನಿಂದ ಹೊರಟು ಸೌತಾಂಪ್ಟನ್ನಿಗೇ ಮರಳುವಂಥವು. ನಡುವೆ ಒಂದೆರಡು ದಿನ ಬಿಡುವಿತ್ತು. "ಲಂಡನ್ನಿಗೆ ಹೋಗಿ ಬನ್ನಿ ಅಮ್ಮಾ, ರೈಲಿನಲ್ಲಿ ಒಂದೂವರೆ ಗಂಟೆಯೂ ಆಗಲ್ಲ" ಎಂದಳು ಮಗಳು. ನಮ್ಮವರು ಒಪ್ಪಲಿಲ್ಲ. ಬ್ಯಾಂಕಿನ ಕೆಲಸದಲ್ಲಿ ಊರೂರಿಗೆ ವರ್ಗವಾಗಿ ಹೋದವರು ಅವರು. ಒಂದು ಊರಿನಲ್ಲಿ ಎರಡು ರಾತ್ರಿಯಾದರೂ ಮಲಗದೆ ಅದನ್ನು ನೋಡಿದೆ ಎನ್ನಬಾರದು ಎಂಬುದು ಅವರ ಮಾತು. ಹಾಗಾಗಿ ಅಲ್ಲೇ ಉಳಿದೆವು. ಇಂದು ಆ ಪ್ರವಾಸವನ್ನು ನೆನೆದರೆ ಗೈರಾಂಗರ್ ಕೊಲ್ಲಿಯ ಜಲಪಾತಗಳಿಗಿಂತ, ಬರ್ಗೆನ್ನಿನ ಮರದ ಮನೆಗಳ ಸಾಲಿಗಿಂತ ಮೊದಲು ಕಣ್ಣಿಗೆ ಬರುವುದು ಈ ನಡುವಿನ ಊರೇ.

ನಾರ್ವೆಯ ಹಡಗಿನಲ್ಲಿ ನಮ್ಮ ಮೇಜಿಗೆ ಬಡಿಸುತ್ತಿದ್ದವನು ಕಾರ್ಕಳದ ಹುಡುಗ. ನಾವಿಬ್ಬರು ಮಾತಾಡುವುದನ್ನು ಕೇಳಿಸಿಕೊಂಡು ಎರಡನೆಯ ದಿನವೇ ಹತ್ತಿರ ಬಂದ. "ನೀವು ಮೈಸೂರಾ ಅಮ್ಮ? ನಂದು ಕಾರ್ಕಳ. ಊರಲ್ಲಿ ಮಳೆ ಹಿಡಿದಿರಬೇಕಲ್ವಾ ಈಗ?" ಎಂದ. ಜೂನ್ ತಿಂಗಳು ಅದು. ನಮ್ಮ ಕರಾವಳಿಯಿಂದ, ಗೋವೆಯಿಂದ ಎಷ್ಟೋ ತಲೆಮಾರುಗಳಿಂದ ಯುವಕರು ಹಡಗಿನ ಕೆಲಸಕ್ಕೆ ಹೋಗುತ್ತಿದ್ದಾರೆ. ಕೇಳಿ ಗೊತ್ತಿತ್ತು, ಹೀಗೆ ಎದುರು ನಿಂತು ಮಾತಾಡಿದ್ದು ಅದೇ ಮೊದಲು. ತಿಂಗಳುಗಟ್ಟಲೆ ಕಾಂಟ್ರ್ಯಾಕ್ಟ್, ಅದು ಮುಗಿಯುವ ತನಕ ಮನೆಯಿಲ್ಲ. ಊರಿನಲ್ಲಿ ಮನೆ ಕಟ್ಟಿಸುತ್ತಿದ್ದಾನಂತೆ. ಅವನು ಹೊರಟಾಗ ಪಾಯ ಮುಗಿದಿತ್ತು, ಈಗ ಕೆಂಪುಕಲ್ಲಿನ ಗೋಡೆ ಎದ್ದು ಸ್ಲ್ಯಾಬ್ ಬಿದ್ದಿದೆ. ಅಣ್ಣ ವಿಡಿಯೊ ಕಳಿಸುತ್ತಾನೆ, ಕೆಲಸ ಮುಗಿದ ಮೇಲೆ ರಾತ್ರಿ ನೋಡುತ್ತಾನೆ. "ನಾನು ಇನ್ನೂ ಅದರ ಒಳಗೆ ಕಾಲಿಟ್ಟಿಲ್ಲ ಸರ್" ಎಂದು ನಮ್ಮವರಿಗೆ ಹೇಳಿದ. ಸೌತಾಂಪ್ಟನ್ ಹೇಗಿದೆ ಎಂದು ಕೇಳಿದೆ. "ಎಷ್ಟು ಸಲ ಬಂದಿದ್ದೇವೋ ಲೆಕ್ಕವಿಲ್ಲ. ಊರು ನೋಡ್ಲಿಕ್ಕೆ ಆಗುದಿಲ್ಲ ಅಮ್ಮ, ನಮಗೆ ಅದು ಟರ್ನ್ಅರೌಂಡ್ ಡೇ ಅಲ್ವಾ. ನೀವು ನೋಡಿ ಬನ್ನಿ" ಎಂದ.

ಟರ್ನ್ಅರೌಂಡ್ ಡೇ ಏನೆಂದು ಇಳಿಯುವ ಬೆಳಿಗ್ಗೆ ಕಣ್ಣಾರೆ ಕಂಡೆವು. ನಸುಕಿನಲ್ಲೇ ಹಡಗು ಧಕ್ಕೆಗೆ ಬರುತ್ತದೆ. ಹಿಂದಿನ ರಾತ್ರಿ ಬಾಗಿಲ ಹೊರಗಿಟ್ಟ ಪೆಟ್ಟಿಗೆಗಳು ಬಣ್ಣಬಣ್ಣದ ಚೀಟಿ ಹೊತ್ತು ಅಷ್ಟರಲ್ಲಿ ಕೆಳಗೆ ಇಳಿದಿರುತ್ತವೆ. ಹತ್ತು ಗಂಟೆಯೊಳಗೆ ಹಳೆಯ ಪ್ರಯಾಣಿಕರೆಲ್ಲ ಖಾಲಿ. ಮಧ್ಯಾಹ್ನಕ್ಕೆ ಹೊಸಬರು ಗ್ಯಾಂಗ್‌ವೇ ಏರುತ್ತಿರುತ್ತಾರೆ. ಸಂಜೆಗೆ ಹಡಗು ಹೊರಡಲೇಬೇಕು. ಅಷ್ಟರೊಳಗೆ ಸಾವಿರಕ್ಕೂ ಮೀರಿದ ಕೋಣೆಗಳಲ್ಲಿ ಹಾಸಿಗೆ ಬಟ್ಟೆ ಬದಲಾಗಬೇಕು, ಮುಂದಿನ ಯಾನದ ತರಕಾರಿ, ಹಾಲು, ಹಿಟ್ಟು ಫೋರ್ಕ್‌ಲಿಫ್ಟಿನಲ್ಲಿ ಒಳಸೇರಬೇಕು, ಕಸ ಹೊರಹೋಗಬೇಕು, ಇಂಧನ ತುಂಬಬೇಕು. ಬೆಳಿಗ್ಗೆ ಒಂದು ಮದುವೆ ಮುಗಿದು ಸಂಜೆಗೆ ಇನ್ನೊಂದರ ಆರತಕ್ಷತೆಗೆ ಅಣಿಯಾಗುವ ಛತ್ರದ ಹಾಗೆ ಇಡೀ ಹಡಗು ಒಳಗಿಂದ ಮಗುಚಿಕೊಳ್ಳುತ್ತದೆ. ಪ್ರಯಾಣಿಕರಿಗೆ ಪ್ರವಾಸ ಮುಗಿಯುವ ದಿನವೇ ಹಡಗಿನ ಕೆಲಸಗಾರರಿಗೆ ಅತಿ ಕಷ್ಟದ ದಿನ. ಕಾರ್ಕಳದ ಹುಡುಗನಿಗೆ ವಿದಾಯ ಹೇಳಲು ಹುಡುಕಿದೆವು. ಅವನು ಅದಾಗಲೇ ಕೆಳಗಿನ ಡೆಕ್ಕಿನಲ್ಲಿ ಕೆಲಸಕ್ಕೆ ಇಳಿದಿದ್ದ.

ನಾವು ಇಳಿದುಕೊಂಡದ್ದು ಹಳೆಯ ಧಕ್ಕೆಗೆ ಹತ್ತಿರದ ಸಣ್ಣ ಗೆಸ್ಟ್‌ಹೌಸಿನಲ್ಲಿ. ನೆಲಕ್ಕೆ ಬಂದರೂ ಕಾಲಿಗೆ ನೆಲ ಸಿಕ್ಕಿರಲಿಲ್ಲ. ಸ್ನಾನದ ಮನೆಯಲ್ಲಿ ಕಣ್ಣು ಮುಚ್ಚಿದರೆ ಗೋಡೆ ತೂಗುತ್ತಿತ್ತು. ಮನೆಯ ಯಜಮಾನರು ಎಪ್ಪತ್ತು ದಾಟಿದವರು, ತಾರುಣ್ಯದಲ್ಲಿ ಸಾಗರ ದಾಟುವ ದೊಡ್ಡ ಹಡಗುಗಳಲ್ಲಿ ಸ್ಟುವರ್ಡ್ ಆಗಿದ್ದವರು. ನಮ್ಮ ಓಲಾಟ ನೋಡಿ, ಇನ್ನೊಂದು ದಿನ ಹೀಗೇ ಇರುತ್ತದೆ, ಗಾಬರಿ ಬೇಡ ಎಂದರು. ಮರುದಿನ ಸೀಸಿಟಿ ಮ್ಯೂಸಿಯಂಗೆ ಹೋಗುವುದಾಗಿ ನಾನು ಹೇಳಿದಾಗ ಅವರು ಕೊಟ್ಟ ಸಲಹೆ ಒಂದೇ. "ಗೋಡೆಯ ಮೇಲಿರುವುದನ್ನು ಆಮೇಲೆ ನೋಡಿ. ಮೊದಲು ನೆಲ ನೋಡಿ."

ಮೊದಲ ಮಧ್ಯಾಹ್ನ ಊರಿನ ಹಳೆಯ ಕೋಟೆಗೋಡೆಯ ಗುಂಟ ನಡೆದೆವು. 1338ರಲ್ಲಿ ಫ್ರೆಂಚರು ಸಮುದ್ರದಿಂದ ನುಗ್ಗಿ ಊರನ್ನು ಸುಟ್ಟು ಸೂರೆಮಾಡಿದ ಮೇಲೆ ನೀರಿನ ಬದಿಗೂ ಕಟ್ಟಿದ ಗೋಡೆ ಅದು. ಅರ್ಧದಷ್ಟು ಇನ್ನೂ ನಿಂತಿದೆ. ಊರಿನ ಉತ್ತರದ ಹೆಬ್ಬಾಗಿಲು ಬಾರ್‌ಗೇಟ್ ಅದಕ್ಕೂ ಹಳೆಯದು, ಹನ್ನೆರಡನೆಯ ಶತಮಾನದ ಕೊನೆಯದು. ಪಶ್ಚಿಮದ ಬಾಗಿಲ ಹತ್ತಿರ ನಿಂತಾಗ ಒಂದು ವಿಚಿತ್ರ ಗಮನಕ್ಕೆ ಬಂತು. ಇದು ಧಕ್ಕೆಗೆ ತೆರೆಯುವ ಬಾಗಿಲು, ಎದುರಿಗೆ ಮಾತ್ರ ವಾಹನ ಓಡಾಡುವ ರಸ್ತೆ. ಒಂದು ಕಾಲಕ್ಕೆ ಈ ಗೋಡೆಯ ಬುಡಕ್ಕೇ ಅಲೆ ಬಡಿಯುತ್ತಿತ್ತು. ಆಮೇಲೆ, ಹೆಚ್ಚಾಗಿ ಕಳೆದ ಶತಮಾನದ ಇಪ್ಪತ್ತು ಮೂವತ್ತರ ದಶಕಗಳಲ್ಲಿ, ಕೊಲ್ಲಿಯನ್ನು ಮಣ್ಣು ಹಾಕಿ ತುಂಬಿ ಹೊಸ ಧಕ್ಕೆಗಳನ್ನು ಕಟ್ಟಿದರು. ಸಮುದ್ರ ದೂರ ಸರಿಯಿತು.

ಈ ಬಂದರಿನಿಂದ ಹೊರಟವರ ಪಟ್ಟಿ ದೊಡ್ಡದು. 1415ರಲ್ಲಿ ಐದನೆಯ ಹೆನ್ರಿಯ ಸೈನ್ಯ ಫ್ರಾನ್ಸಿನ ಮೇಲೆ ದಂಡೆತ್ತಿ ಹೊರಟದ್ದು ಇಲ್ಲಿಂದ, ಆಮೇಲೆ ಅದು ಅಜಿನ್‌ಕೋರ್ಟ್‌ನಲ್ಲಿ ಗೆದ್ದಿತು. 1620ರ ಆಗಸ್ಟ್ 15ರಂದು ಅಮೆರಿಕದಲ್ಲಿ ನೆಲೆಸಲು ಹೊರಟವರನ್ನು ಹೊತ್ತು ಮೇಫ್ಲವರ್ ಹಡಗು ಮೊದಲು ಹಾಯಿ ಬಿಚ್ಚಿದ್ದೂ ಇಲ್ಲಿಂದಲೇ. ಜೊತೆಗೆ ಹೊರಟ ಸ್ಪೀಡ್‌ವೆಲ್ ಎಂಬ ಹಡಗು ಸೋರತೊಡಗಿದ್ದರಿಂದ ದಾರಿಯಲ್ಲಿ ನಿಂತು, ಕೊನೆಗೆ ಪ್ಲಿಮತ್ತಿನಿಂದ ಮೇಫ್ಲವರ್ ಒಂದೇ ಮುಂದುವರಿಯಿತು. ಪ್ಲಿಮತ್ತಿಗೆ ಹೆಸರು ಬಂತು. ಸೌತಾಂಪ್ಟನ್ನಿನಲ್ಲಿ ಗೋಡೆಯ ಎದುರಿಗೆ ಒಂದು ಎತ್ತರದ ಸ್ಮಾರಕ ಕಂಬ ಉಳಿಯಿತು. ಹೋದವರಲ್ಲಿ ಹಲವರು ಅಮೆರಿಕದ ಮೊದಲ ಚಳಿಗಾಲವನ್ನೇ ದಾಟಲಿಲ್ಲ.

ಇಲ್ಲಿಗೆ ಬಂದವರಲ್ಲಿ ನಮ್ಮ ದೇಶದವರೂ ಇದ್ದಾರೆ. ಪಿ ಅಂಡ್ ಓ ಕಂಪನಿಯ ಅಂಚೆ ಹಡಗುಗಳು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಲ್ಲಿಂದಲೇ ಅಲೆಕ್ಸಾಂಡ್ರಿಯಕ್ಕೆ ಹೋಗುತ್ತಿದ್ದವು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮೊದಲು ಭಾರತಕ್ಕೆ ಹೋಗುವವರು ಈಜಿಪ್ಟಿನ ನೆಲ ದಾಟಿ ಕೆಂಪು ಸಮುದ್ರದಲ್ಲಿ ಇನ್ನೊಂದು ಹಡಗು ಹತ್ತಬೇಕಿತ್ತು. 1888ರ ಸೆಪ್ಟೆಂಬರ್ ಕೊನೆಯಲ್ಲಿ ಬ್ಯಾರಿಸ್ಟರ್ ಓದಲು ಬಂದ ಗಾಂಧೀಜಿ ತಾವು ಇಳಿದದ್ದು ಸೌತಾಂಪ್ಟನ್ನಿನಲ್ಲಿ ಎಂದು ಆತ್ಮಕಥೆಯಲ್ಲಿ ನೆನೆಯುತ್ತಾರೆ. ಇಳಿಯುವಾಗ ತೊಡಲೆಂದು ಜೋಪಾನವಾಗಿಟ್ಟಿದ್ದ ಬಿಳಿ ಫ್ಲಾನೆಲ್ ಉಡುಪು ಹಾಕಿಕೊಂಡು ಬಂದರೆ ಸುತ್ತ ಯಾರೂ ಅಂಥ ಬಟ್ಟೆ ತೊಟ್ಟಿರಲಿಲ್ಲವಂತೆ. ಹತ್ತೊಂಬತ್ತರ ಹೊಸ್ತಿಲಿನ ಹುಡುಗ, ಹೊಸ ನೆಲ, ತಣ್ಣನೆಯ ಗಾಳಿ. ಧಕ್ಕೆಯ ಕಡೆ ಮುಖ ಮಾಡಿ ನಿಂತಾಗ ಆ ಸಂಕೋಚ ನನಗೆ ತೀರ ಹತ್ತಿರದ್ದೆನಿಸಿತು.

ಸಂಜೆ ಮೇಫ್ಲವರ್ ಪಾರ್ಕಿಗೆ ಹೋದೆವು. ನೀರಿಗೆ ತಾಗಿಕೊಂಡೇ ಇರುವ ಹುಲ್ಲುಗಾವಲು ಅದು. ಊರಿನವರು ಮಡಚುವ ಕುರ್ಚಿ, ಫ್ಲಾಸ್ಕು ತಂದು ಹಡಗು ಹೊರಡುವುದನ್ನು ನೋಡಲು ಕೂತಿರುತ್ತಾರೆ. ಪಕ್ಕದಲ್ಲಿದ್ದ ಹೆಂಗಸೊಬ್ಬರು ನನಗೆ ಇಲ್ಲಿನ ಭರತದ ಗುಟ್ಟು ಹೇಳಿದರು. ಬೇರೆ ಕಡೆ ಸಮುದ್ರ ಉಕ್ಕಿ ಇಳಿಯುತ್ತದೆ. ಇಲ್ಲಿ ಉಕ್ಕಿದ ನೀರು ಸ್ವಲ್ಪ ತಗ್ಗಿ ಮತ್ತೊಮ್ಮೆ ಉಕ್ಕುತ್ತದೆ. ಎದುರಿಗಿರುವ ವೈಟ್ ದ್ವೀಪದ ಎರಡೂ ಬದಿಯಿಂದ ನೀರು ಬರುವುದೇ ಕಾರಣವೆಂದು ಊರವರ ನಂಬಿಕೆ. ಇಂಗ್ಲಿಷ್ ಕಾಲುವೆಯ ಆಕಾರ, ಅದರಲ್ಲಿ ಭರತ ತೂಗುವ ರೀತಿ ಇದಕ್ಕೆ ಕಾರಣವೆಂದು ತಿಳಿದವರು ಹೇಳುತ್ತಾರೆ. ಏನೇ ಇರಲಿ, ನೀರು ತುಂಬಿ ನಿಲ್ಲುವ ಹೊತ್ತು ಇಲ್ಲಿ ಹೆಚ್ಚು, ದೊಡ್ಡ ಹಡಗುಗಳಿಗೆ ಅನುಕೂಲ. ಊರು ಬಂದರಾಗಿ ಬೆಳೆದದ್ದರಲ್ಲಿ ಈ ನೀರಿನ ಪಾಲೂ ಇದೆ.

ಹೇಳಿದ ಹೊತ್ತಿಗೆ ನಮ್ಮ ಹಡಗು ಮೂರು ಸಲ ಕೂಗಿ ಧಕ್ಕೆ ಬಿಟ್ಟಿತು. ಹಿಂದಿನ ವಾರ ಮೇಲಿನ ಡೆಕ್ಕಿನಲ್ಲಿ ನಿಂತು ದಡದವರಿಗೆ ಕೈ ಬೀಸಿದ್ದೆವು. ಈಗ ದಡದಲ್ಲಿ ನಿಂತು ಬೀಸಿದೆವು. ಮೇಲೆ ಸಂಗೀತ, ಹೊಸ ಪ್ರಯಾಣಿಕರ ನಗು. ಕಾರ್ಕಳದ ಹುಡುಗ ಆ ಹೊತ್ತಿಗೆ ಊಟದ ಹಾಲಿನಲ್ಲಿ ಮೇಜು ಜೋಡಿಸುತ್ತಿರಬೇಕು. "ಅವನಿಗೆ ಇವತ್ತು ಯಾನ ಮುಗಿಯಲೂ ಇಲ್ಲ, ಶುರುವಾಗಲೂ ಇಲ್ಲ ನೋಡು" ಎಂದರು ನಮ್ಮವರು.

ಮರುದಿನ ಸೀಸಿಟಿ ಮ್ಯೂಸಿಯಂ. ಟೈಟಾನಿಕ್ ಹೊರಟು ಸರಿಯಾಗಿ ನೂರು ವರ್ಷವಾದ ದಿನ, 2012ರ ಏಪ್ರಿಲ್ 10ರಂದು, ಊರಿನ ಹಳೆಯ ನ್ಯಾಯಾಲಯದ ಕಟ್ಟಡದಲ್ಲಿ ಇದನ್ನು ತೆರೆದರು. ಟೈಟಾನಿಕ್ ಎಂದರೆ ನಮಗೆ ನೆನಪಾಗುವುದು ಶ್ರೀಮಂತರು, ಝೂಮರು, ಸಿನಿಮಾ. ಸೌತಾಂಪ್ಟನ್ನಿಗೆ ಟೈಟಾನಿಕ್ ಎಂದರೆ ಕೆಲಸಗಾರರು. ಹಡಗಿನಲ್ಲಿದ್ದ ಸುಮಾರು 900 ಮಂದಿ ಸಿಬ್ಬಂದಿಯಲ್ಲಿ ಮುಕ್ಕಾಲು ಪಾಲಿನವರ ವಿಳಾಸ ಈ ಊರಿನದು. ಕಲ್ಲಿದ್ದಲು ತುಂಬುವವರು, ಬಾಯ್ಲರಿಗೆ ಬೆಂಕಿ ಹಾಕುವವರು, ಸ್ಟುವರ್ಡ್‌ಗಳು, ಅಡುಗೆಯವರು. ಆ ವರ್ಷದ ಮೊದಲ ತಿಂಗಳುಗಳಲ್ಲಿ ದೇಶದಾದ್ಯಂತ ಕಲ್ಲಿದ್ದಲು ಗಣಿಗಳ ಮುಷ್ಕರ ನಡೆದು ಹಡಗುಗಳು ನಿಂತಿದ್ದವು, ಬಂದರಿನ ಮನೆಗಳಲ್ಲಿ ಒಲೆ ಉರಿಯುವುದೇ ಕಷ್ಟವಾಗಿತ್ತು. ಹೊಸ ಹಡಗಿನಲ್ಲಿ ಕೆಲಸ ಸಿಕ್ಕಿತೆಂದು ಗಂಡಸರು ಸಂತೋಷದಿಂದ ಹತ್ತಿದರು.

ಯಜಮಾನರು ಹೇಳಿದಂತೆ ಮೊದಲು ನೆಲ ನೋಡಿದೆ. ಸೌತಾಂಪ್ಟನ್ನಿನ ದೊಡ್ಡ ನಕ್ಷೆಯೊಂದನ್ನು ನೆಲದ ಮೇಲೇ ಹಾಸಿದ್ದಾರೆ. ಒಬ್ಬೊಬ್ಬರನ್ನು ಕಳೆದುಕೊಂಡ ಒಂದೊಂದು ಮನೆಗೂ ಒಂದು ಚುಕ್ಕೆ. 500ಕ್ಕೂ ಹೆಚ್ಚು ಮನೆಗಳು. ಬಡವರ ಕೇರಿಗಳಾಗಿದ್ದ ನಾರ್ಥಂ, ಚಾಪೆಲ್ ಕಡೆ ಚುಕ್ಕೆಗಳು ಒತ್ತೊತ್ತಾಗಿ ಬೀದಿಯೇ ಕಾಣದಂತಾಗಿವೆ. ಕೆಲವು ಬೀದಿಗಳಲ್ಲಿ ಅಕ್ಕಪಕ್ಕದ ಮನೆಗಳೆರಡಕ್ಕೂ ಚುಕ್ಕೆ. ಅದರ ಮೇಲೆ ಕಾಲಿಡಲು ನನಗೆ ಮನಸ್ಸಾಗಲಿಲ್ಲ, ಅಂಚಿನಲ್ಲೇ ಸುತ್ತಿ ಬಂದೆ. ಹಡಗು ಮುಳುಗಿದ ಗಳಿಗೆಗೇ ನಾವಿಕರ ಸಂಬಳದ ಲೆಕ್ಕವೂ ನಿಂತಿತು. ಅಂದಿನ ಪದ್ಧತಿ ಹಾಗಿತ್ತು. ಆಮೇಲೆ ಜನರು ಕೊಟ್ಟ ಪರಿಹಾರ ನಿಧಿಯಿಂದ ವಿಧವೆಯರಿಗೆ, ಮಕ್ಕಳಿಗೆ ಸಹಾಯ ಸಿಕ್ಕಿತು.

ಅಲ್ಲಿಂದ ಕೆನ್ಯೂಟ್ ರಸ್ತೆಗೆ ನಡೆದೆವು. ಟೈಟಾನಿಕ್ ನಡೆಸುತ್ತಿದ್ದ ವೈಟ್ ಸ್ಟಾರ್ ಕಂಪನಿಯ ಕಚೇರಿಯಿದ್ದ ಕಟ್ಟಡ ಈಗಲೂ ಇದೆ. ಬದುಕಿದವರ ಹೆಸರು ಬರೆದು ಹಾಕುತ್ತಾರೆಂದು ಹೆಂಗಸರು ಮಕ್ಕಳು ದಿನಗಟ್ಟಲೆ ಹಗಲೂ ರಾತ್ರಿ ಇದರ ಮುಂದೆ ಕಾದಿದ್ದರು. ಹತ್ತಿರದ ಆಕ್ಸ್‌ಫರ್ಡ್ ಬೀದಿಯಲ್ಲಿ ಒಂದು ಹಳೆಯ ಪಬ್ ಇದೆ. ಹೊರಡುವ ದಿನ ಬೆಳಿಗ್ಗೆ ಸ್ಲೇಡ್ ಎಂಬ ಮನೆತನದ ಮೂವರು ಅಣ್ಣತಮ್ಮಂದಿರು ಅಲ್ಲಿ ಕುಡಿಯುತ್ತ ಕೂತು ತಡಮಾಡಿ ಓಡಿದರು. ದಾರಿಗೆ ರೈಲು ಅಡ್ಡ ಬಂತು, ಮೂವರಿಗೂ ಹಡಗು ತಪ್ಪಿತು. ಅವರ ಮನೆಗೆ ನಕ್ಷೆಯಲ್ಲಿ ಚುಕ್ಕೆಯಿಲ್ಲ.

ಹೋಲಿರೂಡ್ ಚರ್ಚು ಊರಿನ ನಡುವೆ ಚಾವಣಿಯಿಲ್ಲದೆ ನಿಂತಿದೆ. 1940ರ ನವೆಂಬರಿನಲ್ಲಿ ಜರ್ಮನರ ಬಾಂಬು ಬಿದ್ದು ಸುಟ್ಟ ಮೇಲೆ ಅದನ್ನು ಮತ್ತೆ ಕಟ್ಟಲಿಲ್ಲ, ಹಾಗೇ ಉಳಿಸಿ ವ್ಯಾಪಾರಿ ಹಡಗುಗಳಲ್ಲಿ ಸತ್ತ ನಾವಿಕರ ಸ್ಮಾರಕ ಮಾಡಿದರು. ಅದರ ಒಳಗೆ ಒಂದು ಕಲ್ಲಿನ ಕಾರಂಜಿ ಇದೆ. ಟೈಟಾನಿಕ್‌ನ ಸ್ಟುವರ್ಡ್‌ಗಳು, ಖಲಾಸಿಗಳು, ಬೆಂಕಿ ಹಾಕುವವರ ನೆನಪಿಗೆ ಅವರ ಬಂಧುಗಳು, ಸ್ನೇಹಿತರು ಹಣ ಕೂಡಿಸಿ 1915ರಲ್ಲಿ ನಿಲ್ಲಿಸಿದ್ದು. ಕೊನೆಯ ತನಕ ದೀಪ ಉರಿಯಲೆಂದು ಯಂತ್ರದ ಕೋಣೆ ಬಿಡದ ಎಂಜಿನಿಯರುಗಳಿಗೆ ಬೇರೆ ಉದ್ಯಾನದಲ್ಲಿ ದೊಡ್ಡ ಸ್ಮಾರಕವಿದೆ, ರೆಕ್ಕೆಯಿರುವ ದೇವತೆಯ ಕಂಚಿನ ಪ್ರತಿಮೆಯೊಂದಿಗೆ. ಅವರಲ್ಲಿ ಒಬ್ಬರೂ ಬದುಕಲಿಲ್ಲ. ಆ ಸ್ಮಾರಕ ಗಂಭೀರವಾಗಿದೆ, ಚೆನ್ನಾಗಿದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಈ ಕಾರಂಜಿ. ಬಡಿಸಿದವರ, ಹಾಸಿಗೆ ಹಾಸಿದವರ, ಬೂದಿ ಬಳಿದವರ ಹೆಸರಿನಲ್ಲಿ ಒಂದು ಕಲ್ಲು ನಿಲ್ಲಿಸಿದ ಊರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಟೈಟಾನಿಕ್‌ನಲ್ಲಿ ಬದುಕುಳಿದವರಲ್ಲಿ ಕೊನೆಯವರಾದ ಮಿಲ್ವಿನಾ ಡೀನ್ ಈ ಊರಿನ ಸುತ್ತಮುತ್ತಲೇ ಬಾಳಿದವರು. ಹಡಗು ಹತ್ತಿದಾಗ ಅವರು ಎರಡು ತಿಂಗಳ ಹಸುಗೂಸು. ತಂದೆ ಅಮೆರಿಕದಲ್ಲಿ ಹೊಸ ಬದುಕು ಕಟ್ಟಲೆಂದು ಸಂಸಾರ ಸಮೇತ ಹೊರಟಿದ್ದರು. ತಂದೆ ನೀರುಪಾಲಾದರು. ತಾಯಿ ಎರಡು ಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಮರಳಿದರು. ಮಿಲ್ವಿನಾ 97 ವರ್ಷ ಬದುಕಿ 2009ರಲ್ಲಿ ತೀರಿಕೊಂಡರು. ಅವರ ಚಿತಾಭಸ್ಮವನ್ನು ಟೈಟಾನಿಕ್ ಹೊರಟ ಈ ಬಂದರಿನ ನೀರಿನಲ್ಲೇ ಬಿಟ್ಟರು.

ಮೂರನೆಯ ಬೆಳಿಗ್ಗೆ ಟೌನ್ ಕ್ವೇ ಕಡೆಯಿಂದ ದೋಣಿ ಹತ್ತಿ ವೈಟ್ ದ್ವೀಪದ ಈಸ್ಟ್ ಕೌಸ್‌ಗೆ ಹೋದೆವು. ಒಂದು ಗಂಟೆಯ ದಾರಿ. ಅಲ್ಲಿ ವಿಕ್ಟೋರಿಯ ರಾಣಿಯ ಆಸ್ಬರ್ನ್ ಅರಮನೆ ಇದೆ. 1845ರಲ್ಲಿ ರಾಣಿ ಮತ್ತು ಆಕೆಯ ಗಂಡ ಆಲ್ಬರ್ಟ್ ಕೊಂಡ ಜಾಗ. ಹಳೆಯ ಮನೆ ಕೆಡವಿಸಿ ಇಟಲಿಯ ಶೈಲಿಯಲ್ಲಿ ಹೊಸದನ್ನು ಕಟ್ಟಿಸಿದರು. 1901ರ ಜನವರಿ 22ರಂದು ರಾಣಿ ತೀರಿಕೊಂಡದ್ದೂ ಇಲ್ಲೇ. ಭಾರತಕ್ಕೆ ಎಂದೂ ಕಾಲಿಡದ ಆಕೆ ಮನೆಯೊಳಗೆ ಒಂದು ದರ್ಬಾರ್ ಕೋಣೆ ಮಾಡಿಸಿಕೊಂಡಳು. ಲಾಹೋರಿನಿಂದ ಬಂದ ಭಾಯಿ ರಾಮ್ ಸಿಂಗ್ ಎಂಬ ಶಿಲ್ಪಿ 1890ರ ನಂತರದ ಒಂದೆರಡು ವರ್ಷ ಅಲ್ಲಿ ಕೆಲಸಮಾಡಿ ಚಾವಣಿ, ಗೋಡೆ ತುಂಬ ಬಿಳಿ ಗಾರೆಯ ಕುಸುರಿ ತುಂಬಿಸಿದರು. ಅಗ್ಗಿಷ್ಟಿಕೆಯ ಮೇಲಿನ ನವಿಲಿನ ಎದುರು ಎಲ್ಲರೂ ನಿಂತು ನೋಡುತ್ತಾರೆ.

ನಾನು ಹುಡುಕುತ್ತಿದ್ದದ್ದು ಬೇರೆಯದನ್ನು. ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನ ಕಥೆಯನ್ನು ನಾವೆಲ್ಲ ಮಾಸ್ತಿಯವರಿಂದ ಬಲ್ಲೆವು, ಅವರಿಗೆ ಜ್ಞಾನಪೀಠ ತಂದ ಕಾದಂಬರಿ ಅದು. 1834ರಲ್ಲಿ ರಾಜ್ಯ ಕಳೆದುಕೊಂಡ ರಾಜನನ್ನು ಇಂಗ್ಲಿಷರು ಕಾಶಿಯಲ್ಲಿ ಇರಿಸಿದರು. 1852ರಲ್ಲಿ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು ಸಮುದ್ರ ದಾಟಿ ಇಂಗ್ಲೆಂಡಿಗೆ ಬಂದ. ಈಸ್ಟ್ ಇಂಡಿಯಾ ಕಂಪನಿಯ ಕೈಯಲ್ಲಿದ್ದ ತನ್ನ ಹಣ ಮರಳಿ ಪಡೆಯಬೇಕೆಂಬುದು ಅವನ ಆಸೆ. ಗೌರಮ್ಮನಿಗೆ ಆಗ ಹನ್ನೊಂದು ವರ್ಷ. ಅದೇ ವರ್ಷ ಅವಳಿಗೆ ಕ್ರೈಸ್ತ ದೀಕ್ಷೆಯಾಯಿತು, ರಾಣಿಯೇ ದೀಕ್ಷೆಯ ತಾಯಿಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. ವಿಂಟರ್‌ಹಾಲ್ಟರ್ ಎಂಬ ಕಲಾವಿದ ಅವಳ ಚಿತ್ರ ಬರೆದ. ಮಾರೊಕೆಟ್ಟಿ ಎಂಬ ಶಿಲ್ಪಿ ಅಮೃತಶಿಲೆಯಲ್ಲಿ ಎದೆಮಟ್ಟದ ಪ್ರತಿಮೆ ಮಾಡಿದ. ಆಸ್ಬರ್ನ್‌ನಲ್ಲಿ ನಾನು ನೋಡಬೇಕೆಂದಿದ್ದದ್ದು ಆ ಪ್ರತಿಮೆ.

ಅದರ ಮುಂದೆ ನಾವಿಬ್ಬರೂ ಬಹಳ ಹೊತ್ತು ನಿಂತೆವು. ಸುತ್ತಲಿನ ಪ್ರವಾಸಿಗರಿಗೆ ಅವಳು ಯಾವುದೋ ಭಾರತದ ರಾಜಕುಮಾರಿ. ನಮಗೆ ಅವಳು ಮಡಿಕೇರಿಯ ಅರಮನೆಯಲ್ಲಿ ಆಡಿಕೊಂಡಿರಬೇಕಾಗಿದ್ದ ಮಗು. ಅಪ್ಪನನ್ನು ಅವಳಿಂದ ದೂರ ಇಟ್ಟು ಇಂಗ್ಲಿಷ್ ಮನೆಗಳಲ್ಲಿ ಬೆಳೆಸಿದರು. ಪಂಜಾಬಿನ ಮಹಾರಾಜ ದುಲೀಪ್ ಸಿಂಗ್ ಜೊತೆ ಮದುವೆ ಮಾಡುವ ಆಲೋಚನೆ ರಾಣಿಗಿತ್ತು, ಅದು ಕೂಡಿಬರಲಿಲ್ಲ. ಅವಳ ಅಪ್ಪ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ. ಮರುವರ್ಷ ಅವಳು ತನಗಿಂತ ಬಹಳ ದೊಡ್ಡವನಾದ ಕರ್ನಲ್ ಕ್ಯಾಂಬೆಲ್‌ನನ್ನು ಮದುವೆಯಾದಳು. ಒಂದು ಹೆಣ್ಣುಮಗುವಾಯಿತು. 1864ರಲ್ಲಿ, ಇಪ್ಪತ್ತಮೂರರ ಆಸುಪಾಸಿನಲ್ಲಿ, ಕ್ಷಯದಿಂದ ಸತ್ತಳು. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಅವಳ ಸಮಾಧಿ ಇದೆ. ಹನ್ನೊಂದರ ವಯಸ್ಸಿನಲ್ಲಿ ದಾಟಿದ ಸಮುದ್ರವನ್ನು ಅವಳು ಮತ್ತೆ ದಾಟಲೇ ಇಲ್ಲ.

ಮರಳುವ ದೋಣಿಯಲ್ಲಿ ನನ್ನ ಮನಸ್ಸಿನಲ್ಲಿ ಎಲ್ಲವೂ ಒಂದಕ್ಕೊಂದು ಕೂಡಿಕೊಂಡವು. ಮೇಫ್ಲವರ್ ಹತ್ತಿದವರು, ನಾರ್ಥಂನ ಬೆಂಕಿ ಹಾಕುವವರು, ಕೊಡಗಿನ ಹುಡುಗಿ. ಸಮುದ್ರಯಾನವೆಂದರೆ ಶತಮಾನಗಳ ಕಾಲ ಇದೇ ಆಗಿತ್ತು. ಹೋಗುವುದು ಖಚಿತ, ಮರಳುವುದು ಖಚಿತವಲ್ಲ. ಹೊರಟ ಧಕ್ಕೆಗೇ, ಹೇಳಿದ ದಿನ, ಹೇಳಿದ ಗಂಟೆಗೆ ತಂದು ಇಳಿಸುವ ಯಾನ ತೀರ ಹೊಸದು. ನಾವು ಪ್ರವಾಸ ಎನ್ನುವುದು ಮರಳುವಿಕೆಯ ಭರವಸೆ ಸಿಕ್ಕ ಮೇಲಿನ ಸುಖ. ಆ ಭರವಸೆಯನ್ನು ನಮಗೆ ಕೊಡಲು ಇನ್ನೊಬ್ಬರು ತಿಂಗಳುಗಟ್ಟಲೆ ತಮ್ಮ ಮನೆಗೆ ಮರಳದೆ ದುಡಿಯುತ್ತಾರೆ. ಹಡಗಿನ ಮೇಲಿದ್ದಾಗ ಈ ಮಾತು ನನಗೆ ಹೊಳೆಯುತ್ತಿರಲಿಲ್ಲ. ಅಲ್ಲಿ ಪ್ರತಿ ಗಂಟೆಗೂ ಒಂದು ಕಾರ್ಯಕ್ರಮ, ಪ್ರತಿ ಬಂದರಿಗೂ ಅರ್ಧ ದಿನ. ಯೋಚನೆಗೆ ನಿಂತ ನೆಲ ಬೇಕಾಗುತ್ತದೆ.

ಎರಡನೆಯ ಹಡಗು ಹತ್ತಿದ ಸಂಜೆ ಡೆಕ್ಕಿನ ಬಲಬದಿಗೆ ಹೋಗಿ ನಿಂತೆವು. ಸೌತಾಂಪ್ಟನ್ನಿನ ಕೊಲ್ಲಿಯಿಂದ ಹೊರಬಂದು ಪೂರ್ವಕ್ಕೆ ತಿರುಗುವ ಹಡಗುಗಳು ಆಸ್ಬರ್ನ್ ಎದುರಿನಿಂದಲೇ ಹೋಗುತ್ತವೆ. ನಾರ್ವೆಗೆ ಹೋಗುವಾಗಲೂ ಅದೇ ದಾರಿ. ಆಗ ಅದು ಮರಗಳ ನಡುವೆ ಕಂಡ ಎರಡು ಗೋಪುರ ಮಾತ್ರವಾಗಿತ್ತು. ಈ ಸಲ ಒಳಗೆ ಯಾರಿದ್ದಾರೆಂದು ನಮಗೆ ಗೊತ್ತಿತ್ತು. ಗೋಪುರಗಳು ಮರೆಯಾಗುವ ತನಕ ನಮ್ಮವರು ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದರು.

ಆ ಯಾನವೇ ಬೇರೆಯಾಗಿತ್ತು. ಲಾ ಕೊರುನ್ಯಾದಲ್ಲಿ ರೋಮನ್ನರ ಕಾಲದ ದೀಪಸ್ತಂಭ ನೋಡಿದಾಗ ಅದರ ಬೆಳಕು ನಂಬಿ ಬಂದವರನ್ನು ನೆನೆದೆವು. ಲಿಸ್ಬನ್ನಿನಲ್ಲಿ ಬೆಲೆಂ ದಾಟುವಾಗ 1497ರಲ್ಲಿ ಅಲ್ಲಿಂದ ವಾಸ್ಕೊ ಡ ಗಾಮನ ಜೊತೆ ನಮ್ಮ ಕರಾವಳಿಯ ಕಡೆಗೆ ಹೊರಟ ನಾವಿಕರಲ್ಲಿ ಎಷ್ಟೋ ಜನ ಸ್ಕರ್ವಿ ರೋಗದಿಂದ ದಾರಿಯಲ್ಲೇ ಸತ್ತರೆಂಬುದು ನೆನಪಾಯಿತು. ಹಡಗಿನಲ್ಲಿ ನಮ್ಮ ಕೋಣೆ ಚೊಕ್ಕಟ ಮಾಡುತ್ತಿದ್ದವನ ಹೆಸರು, ಊರು, ಮಕ್ಕಳು, ಕಾಂಟ್ರ್ಯಾಕ್ಟ್ ಮುಗಿಯುವ ತಿಂಗಳು ಎಲ್ಲವನ್ನೂ ಮೊದಲ ದಿನವೇ ಕೇಳಿ ತಿಳಿದೆವು. ಕೊನೆಯ ದಿನ ಅವನ ಕೆಲಸದ ಗಡಿಬಿಡಿ ಶುರುವಾಗುವ ಮೊದಲೇ, ಹಿಂದಿನ ರಾತ್ರಿ, ವಿದಾಯ ಹೇಳಿದೆವು.

ಈಗೀಗ ಹಡಗು ಪ್ರವಾಸಕ್ಕೆ ಹೋಗುವ ಕನ್ನಡಿಗರು ಹೆಚ್ಚುತ್ತಿದ್ದಾರೆ. ಮಕ್ಕಳು ಟಿಕೆಟ್ ತೆಗೆಸಿಕೊಡುತ್ತಾರೆ, ಒಂದು ಯಾನದ ಬೆನ್ನಿಗೆ ಇನ್ನೊಂದನ್ನು ಹೊಂದಿಸುವವರೂ ಇದ್ದಾರೆ. ಅವರಿಗೆ ನನ್ನದೊಂದು ಮಾತು. ನಡುವೆ ಒಂದೆರಡು ದಿನ ಬಿಡಿ. ಆ ದಿನಗಳನ್ನು ದೂರದ ದೊಡ್ಡ ನಗರಕ್ಕೆ ಓಡಿ ಕಳೆಯಬೇಡಿ, ಹಡಗು ನಿಲ್ಲುವ ಊರಿನಲ್ಲೇ ಉಳಿಯಿರಿ. ಅಲ್ಲಿ ನಾವಿಕರ ಸ್ಮಾರಕ ಎಲ್ಲಿದೆಯೆಂದು ಕೇಳಿಕೊಂಡು ಹೋಗಿ. ಹಡಗಿನಲ್ಲಿ ನಿಮಗೆ ಬಡಿಸುವವನನ್ನು ಅವನ ಊರು ಕೇಳಿ, ಹೆಸರು ಹಿಡಿದು ಮಾತಾಡಿಸಿ. ಸೌತಾಂಪ್ಟನ್ನಿಗೆ ಹೋದರೆ ಒಂದು ದಿನ ಆಸ್ಬರ್ನ್‌ಗೆ ಮೀಸಲಿಡಿ. ನಮ್ಮ ಕೊಡಗಿನ ಗೌರಮ್ಮ ಅಲ್ಲಿದ್ದಾಳೆ, ಕನ್ನಡ ಬಲ್ಲವರು ಅವಳನ್ನು ನೋಡಿಬರಬೇಕು.